ಚರ್ಮದ ಡಾಕ್ಟರು ಸೊಂಟ ಅಳೆದ ದಿನ

ಕೆಂಪು ಮಖಮಲ್ಲಿನ ಲಗ್ನಪತ್ರಿಕೆಗೆ ಆಗ ಬಲು ಬೇಡಿಕೆ. ಹುಡುಗಿಯ ತಾಯಿ ಮಾದರಿಯನ್ನು ಬೆಳಕಿಗೆ ಹಿಡಿದು ನೋಡಿ ನನ್ನ ಮೇಜಿನ ಮೇಲಿಟ್ಟರು. ದರ ಹೇಳಲು ನಾನು ಮೊಣಕೈ ಊರಿ ಮುಂದೆ ಬಾಗಿದೆ. ಮಾತು ಮುಗಿಸಿ ಕೈ ತೆಗೆದಾಗ ಆ ಕೆಂಪಿನ ಮೇಲೆ ಬೆಳ್ಳಿಯ ಪುಡಿ ಚೆಲ್ಲಿದಂತೆ ಚಕ್ಕೆಗಳು ಬಿದ್ದಿದ್ದವು. ಆಕೆ ಏನೂ ಹೇಳಲಿಲ್ಲ. ಸೆರಗಿನ ತುದಿಯಿಂದ ಪತ್ರಿಕೆಯನ್ನು ಒರೆಸಿ, "ಮನೆಯಲ್ಲಿ ಕೇಳಿಕೊಂಡು ಬರುತ್ತೇವೆ" ಎಂದು ಎದ್ದರು. ಮತ್ತೆ ಬರಲಿಲ್ಲ. ಮುದ್ರಣಾಲಯ ನಡೆಸುವವನಿಗೆ ಗಿರಾಕಿ ಕೈತಪ್ಪುವುದು ಹೊಸದಲ್ಲ, ದರ ಜಾಸ್ತಿಯಾಯಿತೆಂದೇ ಅವರು ಬಾರದೆ ಇದ್ದಿರಬಹುದು. ಆದರೂ ಆ ಸೆರಗು ಒರೆಸಿದ ರೀತಿ ಎಷ್ಟೋ ದಿನ ಕಣ್ಣಿಗೆ ಕಟ್ಟಿದಂತಿತ್ತು.

ಅದು 2023ರ ಜನವರಿ. ಅಷ್ಟು ಹೊತ್ತಿಗೆ ಸೋರಿಯಾಸಿಸ್ ನನ್ನ ಮೈಮೇಲೆ ಮನೆ ಮಾಡಿ 11 ವರ್ಷವಾಗಿತ್ತು. ಇಂಗ್ಲಿಷಿನಲ್ಲಿ ಬರೆಯುವಾಗ ಈ ಪದಕ್ಕೆ ಮೊದಲು ಒಂದು 'ಪಿ' ಬರುತ್ತದೆ, ಓದುವಾಗ ಅದು ಸದ್ದು ಮಾಡುವುದಿಲ್ಲ. ಕರಡಚ್ಚು ತಿದ್ದುವ ಕಸುಬಿನವನಾದ ನನಗೆ ಕಾಯಿಲೆಯಲ್ಲಿ ಮೊದಲು ಹಿಡಿಸದೆ ಹೋದದ್ದು ಈ ಮೂಕ ಅಕ್ಷರ.

2012ರಲ್ಲಿ ಬಲ ಮೊಣಕೈ ಮೇಲೆ ಎಂಟಾಣೆ ನಾಣ್ಯದಷ್ಟು ಕೆಂಪು ಕಲೆ ಕಾಣಿಸಿತ್ತು. ಮೇಜಿಗೆ ಉಜ್ಜಿ ಉಜ್ಜಿ ಆದದ್ದೆಂದುಕೊಂಡೆ. ಅವ್ವ ಹುಳುಕಡ್ಡಿ ಎಂದಳು. ಪಕ್ಕದ ಬೈಂಡಿಂಗ್ ಅಂಗಡಿಯವರು ಇಸಬು ಎಂದರು. ಔಷಧ ಅಂಗಡಿಯವನು ಏನೂ ಅನ್ನಲಿಲ್ಲ, ಒಂದು ಟ್ಯೂಬ್ ಕೊಟ್ಟ. ಹಚ್ಚಿದ ನಾಲ್ಕೇ ದಿನಕ್ಕೆ ಕಲೆ ಮಾಯ. ಬಿಟ್ಟ ಎರಡು ವಾರಕ್ಕೆ ಮತ್ತೆ ಹಾಜರು, ಈ ಸಲ ರೂಪಾಯಿ ಅಗಲ. ಅದು ಬಲವಾದ ಸ್ಟೀರಾಯ್ಡ್ ಮುಲಾಮು, ಚೀಟಿಯಿಲ್ಲದೆ ಹಾಗೆ ಕೊಡಬಾರದ ಸರಕು ಎಂದು ತಿಳಿಯುವಷ್ಟರಲ್ಲಿ ನಾನು ಅಂಥ ಎಷ್ಟು ಟ್ಯೂಬ್ ಖಾಲಿ ಮಾಡಿದ್ದೆನೋ.

2016ರಲ್ಲಿ ಇನ್ನೂ ದೊಡ್ಡ ತಪ್ಪು ಮಾಡಿದೆ. ಯಾರೋ ಹೇಳಿದರೆಂದು ಬಸ್ಸಿನಲ್ಲಿ ಮೂರು ತಾಸು ಕುಳಿತು ಒಬ್ಬರ ಬಳಿ ಹೋಗಿ ಬಿಳಿ ಪುಡಿಯ ಪೊಟ್ಟಣಗಳನ್ನು ತಂದೆ. ಬರೀ ಬೇರು, ತೊಗಟೆಯ ಪುಡಿ ಎಂದಿದ್ದರು. ಒಂದೇ ತಿಂಗಳಿಗೆ ಚರ್ಮ ಮಗುವಿನ ಕೆನ್ನೆಯಂತಾಯಿತು. ಆ ಸಂತೋಷಕ್ಕೆ ಅವರ ವಿಳಾಸವಿದ್ದ ಚೀಟಿಯನ್ನು ಪುಕ್ಕಟೆಯಾಗಿ ಅಚ್ಚು ಹಾಕಿಕೊಟ್ಟೆ. ಇವತ್ತಿಗೂ ಆ ನಾಚಿಕೆ ಹೋಗಿಲ್ಲ. ನಾಲ್ಕನೆಯ ತಿಂಗಳಿಗೆ ಮುಖ ಪೂರಿಯಂತೆ ಉಬ್ಬಿತು, ತೂಕ ಏರಿತು, ಹಸಿವೋ ಹಸಿವು. ಹೆದರಿ ಪುಡಿ ನಿಲ್ಲಿಸಿದೆ. ಹದಿನೈದು ದಿನದಲ್ಲಿ ಎದೆ, ಬೆನ್ನು, ತೊಡೆಗಳೆಲ್ಲ ಕೆಂಡದ ಬಣ್ಣಕ್ಕೆ ತಿರುಗಿ, ಹಾಸಿಗೆಯನ್ನು ಬೆಳಗ್ಗೆ ಕೊಡವಿದರೆ ಗೋಧಿ ಹೊಟ್ಟಿನಂತೆ ಉದುರುತ್ತಿತ್ತು. ಚಳಿಯಿಂದ ನಡುಗುತ್ತಾ ಆಸ್ಪತ್ರೆ ಸೇರಿದೆ. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿದ್ದಿರಬೇಕು, ಅದನ್ನು ಒಮ್ಮೆಲೇ ನಿಲ್ಲಿಸಿದ್ದಕ್ಕೆ ಹೀಗೆ ತಿರುಗಿಬಿತ್ತು ಎಂದು ಅಲ್ಲಿಯ ವೈದ್ಯರು ಊಹಿಸಿದರು. ಗುಣವಾಗಿ ಮನೆಗೆ ಬಂದೆ. ಮೈಯ ಕೆಂಪು ಇಳಿಯಿತಾದರೂ ಆಗ ಏರಿದ ತೂಕ ಮಾತ್ರ ಇಳಿಯಲೇ ಇಲ್ಲ. ಚರ್ಮದ ಲೆಕ್ಕವೇ ಬೇರೆ, ಹೊಟ್ಟೆಯ ಲೆಕ್ಕವೇ ಬೇರೆ ಎಂದುಕೊಂಡಿದ್ದವನು ನಾನು, ಅದರ ಕಡೆ ಗಮನ ಕೊಡಲಿಲ್ಲ.

ಆ ಮಖಮಲ್ಲಿನ ಪ್ರಸಂಗವಾದ ವಾರದಲ್ಲೇ ಹೆಂಡತಿ ನನ್ನನ್ನು ಊರಿನ ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗಕ್ಕೆ ಎಳೆದುಕೊಂಡು ಹೋದಳು. ಹಿರಿಯ ಡಾಕ್ಟರು, ಐವತ್ತು ದಾಟಿದ ಹೆಂಗಸು. ಮೊದಲು ಚರ್ಮ ನೋಡುತ್ತಾರೆಂದು ತೋಳು ಮಡಚಿ ನಿಂತೆ. ಅವರು ಉಗುರು ನೋಡಿದರು. ದೀಪದ ಕೆಳಗೆ ಹಿಡಿದಾಗ ಉಗುರುಗಳ ಮೇಲೆ ಸೂಜಿ ಮೊನೆಯಿಂದ ಚುಚ್ಚಿದಂಥ ಸಣ್ಣ ಗುಂಡಿಗಳಿದ್ದವು. ಇಷ್ಟು ವರ್ಷ ಅದು ಮುದ್ರಣಾಲಯದ ಸೀಮೆಎಣ್ಣೆಯ ಕಾಟವೆಂದುಕೊಂಡಿದ್ದೆ. ಬೆಳಗ್ಗೆ ಎದ್ದಾಗ ಬೆರಳು ಸೆಟೆದುಕೊಂಡಿರುತ್ತವೆಯೇ, ಹಿಮ್ಮಡಿ ನೋಯುತ್ತದೆಯೇ ಎಂದು ಕೇಳಿದರು. ಇಲ್ಲವೆಂದೆ. ಬರೆದುಕೊಂಡರು. ಈ ರೋಗ ಕೆಲವರಲ್ಲಿ ಕೀಲುಗಳಿಗೂ ಇಳಿಯುತ್ತದೆಯಂತೆ, ಉಗುರು ಕೆಟ್ಟವರ ಮೇಲೆ ಒಂದು ಕಣ್ಣು ಇಟ್ಟಿರಬೇಕಂತೆ.

ಆಮೇಲೆ ಲೆಕ್ಕ ಹಾಕಿದರು. ಬೆರಳು ಸೇರಿಸಿ ನಮ್ಮದೇ ಅಂಗೈ ಅಗಲವೆಂದರೆ ಮೈಯ ಸುಮಾರು ಶೇಕಡ 1. ನನ್ನ ತೇಪೆಗಳನ್ನೆಲ್ಲ ಕೂಡಿಸಿದಾಗ 12 ಅಂಗೈ ಆಯಿತು. ಹತ್ತು ದಾಟಿದರೆ ತೀವ್ರ ಎನ್ನುತ್ತಾರೆ. ಇದಿಷ್ಟೂ ನನಗೆ ಸರಿಕಂಡಿತು, ಚರ್ಮದ ಡಾಕ್ಟರು ಚರ್ಮದ ಮಾತಾಡುತ್ತಿದ್ದರು. ಅಷ್ಟರಲ್ಲಿ ಅವರು ಪಕ್ಕದಲ್ಲಿದ್ದ ಕಿರಿಯ ವೈದ್ಯನಿಗೆ, "ಸೊಂಟ ತೆಗೆದುಕೊಳ್ಳಪ್ಪ" ಎಂದರು.

ಆತ ಕೋಟಿನ ಜೇಬಿನಿಂದ ದರ್ಜಿಯ ಟೇಪು ತೆಗೆದ. ನಾನು ನಗುತ್ತಾ, "ಮೂವತ್ತಾರು, ಬರೆದುಕೊಳ್ಳಿ" ಎಂದೆ. ಹತ್ತು ವರ್ಷದಿಂದ ನನ್ನ ಪ್ಯಾಂಟಿನ ಅಳತೆ ಅದೇ.

"ಪ್ಯಾಂಟು ಹೊಟ್ಟೆಯ ಕೆಳಗೆ ನಿಲ್ಲುತ್ತದೆ ಸರ್, ನಮಗೆ ಬೇಕಾದದ್ದು ಹೊಟ್ಟೆ" ಎಂದ ಆ ಹುಡುಗ. ಕೊನೆಯ ಪಕ್ಕೆಲುಬನ್ನೂ ಸೊಂಟದ ಮೂಳೆಯ ಮೇಲಂಚನ್ನೂ ಮುಟ್ಟಿ ಹುಡುಕಿ, ಎರಡರ ನಡುವೆ ಟೇಪು ಸುತ್ತಿದ. ನಾನು ಗೊತ್ತಿಲ್ಲದೆಯೇ ಹೊಟ್ಟೆ ಒಳಗೆಳೆದುಕೊಂಡಿದ್ದೆ. ಡಾಕ್ಟರು ಬರೆಯುತ್ತಿದ್ದ ಕಾಗದದಿಂದ ತಲೆಯೆತ್ತದೆ, "ಉಸಿರು ಬಿಡಿ" ಎಂದರು. ಬಿಟ್ಟೆ. 104 ಸೆಂಟಿಮೀಟರ್. ಅಂದರೆ ಹತ್ತಿರ ಹತ್ತಿರ 41 ಇಂಚು. ಹತ್ತು ವರ್ಷ ನನ್ನ ಪ್ಯಾಂಟು ಐದು ಇಂಚು ಸುಳ್ಳು ಹೇಳಿತ್ತು. ಭಾರತೀಯ ಗಂಡಸರಿಗೆ 90ರ ಒಳಗಿರಬೇಕು, ಹೆಂಗಸರಿಗೆ 80ರ ಒಳಗೆ.

ನನಗೆ ಸಿಟ್ಟು ಬಂತು, ಅದನ್ನು ಮುಚ್ಚಿಡುವುದಿಲ್ಲ. ಮೊಣಕೈ ತೋರಿಸಲು ಬಂದವನ ಹೊಟ್ಟೆಯನ್ನು ಎಲ್ಲರೆದುರು ಅಳೆದರೆ ಯಾರಿಗೆ ತಾನೇ ಬರುವುದಿಲ್ಲ? ಮೇಲಿಂದ ರಕ್ತದ ಒತ್ತಡ ನೋಡಿದರು, 142/92. ಬರಿಹೊಟ್ಟೆಯಲ್ಲಿ ರಕ್ತ ಕೊಡಲು ಚೀಟಿ, ಹೊಟ್ಟೆಯ ಸ್ಕ್ಯಾನಿಗೆ ಇನ್ನೊಂದು ಚೀಟಿ. "ಮೇಡಂ, ನನಗೆ ಸಕ್ಕರೆ ಕಾಯಿಲೆ ಇಲ್ಲ" ಎಂದೆ. "ಯಾವಾಗ ಪರೀಕ್ಷೆ ಮಾಡಿಸಿದ್ದಿರಿ?" ಎಂದರು. ಮಾಡಿಸಿಯೇ ಇರಲಿಲ್ಲ.

ನಾಲ್ಕು ದಿನ ಬಿಟ್ಟು ವರದಿಗಳನ್ನು ಹಿಡಿದು ಹೋದೆ. ಉಪವಾಸದ ಸಕ್ಕರೆ 118. ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ 6.2, ಅಂದರೆ ಮಧುಮೇಹದ ಹೊಸ್ತಿಲು. ರಕ್ತದಲ್ಲಿರುವ ಒಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ 268, ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ 34. ಯಕೃತ್ತಿನ ಕಿಣ್ವ 71, ಸ್ಕ್ಯಾನಿನಲ್ಲಿ ಎರಡನೆಯ ದರ್ಜೆಯ ಫ್ಯಾಟಿ ಲಿವರ್, ಅಂದರೆ ಯಕೃತ್ತಿನಲ್ಲಿ ಕೊಬ್ಬು. ತೂಕ 86 ಕೆ.ಜಿ., ಎತ್ತರ 168 ಸೆಂ.ಮೀ. ಡಾಕ್ಟರು ಹಾಳೆಯ ಅಂಚಿನಲ್ಲಿ ಐದು ಸಾಲು ಬರೆದರು: ಸೊಂಟ, ಒತ್ತಡ 130/85, ಉಪವಾಸದ ಸಕ್ಕರೆ 100, ಟ್ರೈಗ್ಲಿಸರೈಡ್ 150, ಗಂಡಸರಿಗೆ ಎಚ್‌ಡಿಎಲ್ 40. ಮೊದಲ ನಾಲ್ಕರಲ್ಲಿ ಮಿತಿ ಮುಟ್ಟಬಾರದು, ಕೊನೆಯದರಲ್ಲಿ ಅದಕ್ಕಿಂತ ಕೆಳಗಿಳಿಯಬಾರದು. ಐದರಲ್ಲಿ ಮೂರು ಕೆಟ್ಟರೆ ಮೆಟಬಾಲಿಕ್ ಸಿಂಡ್ರೋಮ್, ಅಂದರೆ ಮಧುಮೇಹಕ್ಕೂ ಹೃದ್ರೋಗಕ್ಕೂ ದಾರಿ ಮಾಡುವ ತೊಂದರೆಗಳ ಗುಂಪು. ಒಂದೊಂದಕ್ಕೂ ಟಿಕ್ ಹಾಕುತ್ತಾ ಹೋದರು. ಐದಕ್ಕೆ ಐದು. ಶಾಲೆಯಲ್ಲಿ ಯಾವ ಮಾಸ್ತರೂ ನನಗೆ ಇಂಥ ಅಂಕ ಕೊಟ್ಟಿರಲಿಲ್ಲ.

"ಇದಕ್ಕೂ ಮೊಣಕೈಗೂ ಏನು ಸಂಬಂಧ ಮೇಡಂ?"

ಹೊರಗೆ ಸರದಿ ಬೆಳೆದಿತ್ತು. ಆದರೂ ಅವರು ಪೆನ್ನು ಕೆಳಗಿಟ್ಟು ಹೇಳಿದರು. ಅವರ ಮಾತನ್ನು ನಾನು ನನ್ನ ಕಸುಬಿನ ಭಾಷೆಯಲ್ಲಿ ಅರ್ಥ ಮಾಡಿಕೊಂಡೆ, ಹಾಗೆಯೇ ಬರೆಯುತ್ತೇನೆ.

ಚರ್ಮದ ತಳದಲ್ಲಿ ಹುಟ್ಟಿದ ಕೋಶ ಮೇಲೆ ಬಂದು ಉದುರಲು ಸಾಮಾನ್ಯವಾಗಿ ಒಂದು ತಿಂಗಳು ಹಿಡಿಯುತ್ತದೆ. ಸೋರಿಯಾಸಿಸ್‌ನಲ್ಲಿ ಅದೇ ಪಯಣ ನಾಲ್ಕೈದು ದಿನದಲ್ಲಿ ಮುಗಿಯುತ್ತದೆ. ಮಸಿ ಒಣಗುವ ಮೊದಲೇ ಹಾಳೆಯ ಮೇಲೆ ಹಾಳೆ ಬಿದ್ದಂತೆ, ಬಲಿಯದ ಕೋಶಗಳು ಒಂದರ ಮೇಲೊಂದು ಪೇರಿಕೊಂಡು ಬೆಳ್ಳಿ ಚಕ್ಕೆಗಳಾಗುತ್ತವೆ. ಯಂತ್ರವನ್ನು ಇಷ್ಟು ಜೋರಾಗಿ ಓಡಿಸುತ್ತಿರುವುದು ನಮ್ಮದೇ ರೋಗನಿರೋಧಕ ವ್ಯವಸ್ಥೆ. ಅದು ಟಿಎನ್‌ಎಫ್, ಇಂಟರ್‌ಲ್ಯೂಕಿನ್ 17, ಇಂಟರ್‌ಲ್ಯೂಕಿನ್ 23 ಎಂಬ ರಾಸಾಯನಿಕ ಓಲೆಗಳನ್ನು ಕಳುಹಿಸುತ್ತಲೇ ಇರುತ್ತದೆ. ಅಂಟುವ ರೋಗ ಖಂಡಿತ ಅಲ್ಲ. ಆದರೆ ಆ ಓಲೆಗಳು ಮೊಣಕೈಯಲ್ಲೇ ನಿಲ್ಲುವುದಿಲ್ಲ, ರಕ್ತದಲ್ಲಿ ಊರೆಲ್ಲ ತಿರುಗುತ್ತವೆ. ಟಿಎನ್‌ಎಫ್ ಹೋದಲ್ಲೆಲ್ಲ ಇನ್ಸುಲಿನ್ನಿನ ಮಾತು ನಡೆಯದಂತೆ ಮಾಡುತ್ತದೆ, ಸಕ್ಕರೆ ಏರುತ್ತದೆ. ರಕ್ತನಾಳದ ಒಳಗೋಡೆಯೂ ಕೆಡುತ್ತಾ ಹೋಗುತ್ತದೆ.

ಇನ್ನು ಹೊಟ್ಟೆಯ ಕೊಬ್ಬು. ಅದು ಗೋದಾಮಿನಲ್ಲಿ ಬಿದ್ದ ಹಳೆಯ ರೀಮುಗಳಂತೆ ಸುಮ್ಮನೆ ಕೂರುವ ಸರಕು ಎಂದು ನಾನು ತಿಳಿದಿದ್ದೆ. ಅದೂ ಒಂದು ಮುದ್ರಣಾಲಯವೇ ಅಂತೆ. ಹಗಲೂ ರಾತ್ರಿ ಅದೇ ಟಿಎನ್‌ಎಫ್ ಓಲೆಗಳನ್ನು ಅಚ್ಚು ಹಾಕಿ ಹಂಚುತ್ತದೆ, ಉರಿಯೂತವನ್ನು ತಣಿಸುವ ಅಡಿಪೊನೆಕ್ಟಿನ್ ಎಂಬುದನ್ನು ಮಾತ್ರ ಕಡಿಮೆ ಮಾಡುತ್ತದೆ. ಚರ್ಮ ಹೊಟ್ಟೆಯನ್ನು ಕೆರಳಿಸುತ್ತದೆ, ಹೊಟ್ಟೆ ಚರ್ಮವನ್ನು ಕೆರಳಿಸುತ್ತದೆ.

"ಹಾಗಾದರೆ ಹೊಟ್ಟೆಯಿಂದಲೇ ಇದು ಬಂತೇ?"

"ಅಲ್ಲ. ಹೊರಗೆ ಕೂತಿದ್ದಾಳಲ್ಲ ಕಾಲೇಜು ಹುಡುಗಿ, ಗಾಳಿ ಬಂದರೆ ಹಾರಿಹೋಗುವಂತಿದ್ದಾಳೆ, ಅವಳಿಗೂ ಇದೆ. ಬೀಜ ವಂಶದಲ್ಲಿ ಇರುತ್ತದೆ. ನಿಮ್ಮ ಹೊಟ್ಟೆ ಉರಿಯುವ ಒಲೆಗೆ ತುಪ್ಪ ಸುರಿಯುತ್ತಿದೆ, ಅಷ್ಟೇ. ಅದನ್ನು ನಿಲ್ಲಿಸಿದರೆ ಒಲೆ ಆರಿಯೇ ಹೋಗುತ್ತದೆಂದು ನಾನು ಹೇಳುವುದಿಲ್ಲ. ನನ್ನ ಔಷಧ ಕೆಲಸ ಮಾಡುವುದಕ್ಕೆ ಜಾಗವಾಗುತ್ತದೆ."

ಇಟಲಿಯಲ್ಲಿ ತೂಕ ಹೆಚ್ಚಿದ್ದ 303 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನೂ ಹೇಳಿದರು. ಔಷಧದ ಜೊತೆ 20 ವಾರ ಪಥ್ಯ, ವ್ಯಾಯಾಮಗಳನ್ನು ಕ್ರಮವಾಗಿ ಮಾಡಿಸಿದವರಲ್ಲಿ ರೋಗದ ತೀವ್ರತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಬರೀ ಬುದ್ಧಿಮಾತು ಹೇಳಿ ಕಳಿಸಿದವರಲ್ಲಿ ಕಾಲು ಭಾಗದಷ್ಟು ಮಾತ್ರ. ನನಗೆ ಅದರಲ್ಲಿ ಹಿಡಿಸಿದ್ದು, ಬುದ್ಧಿಮಾತಿಗೆ ಇಷ್ಟೇ ಬೆಲೆ ಎಂದು ಯಾರೋ ಕೊನೆಗೂ ಅಳೆದು ತೋರಿಸಿದರಲ್ಲ ಎಂಬುದು.

ಎದ್ದು ಹೊರಡುವಾಗ, "ಮನೆಯಲ್ಲಿ ಯಾರಿಗಾದರೂ ಇತ್ತೇ?" ಎಂದು ಕೇಳಿದರು. ಇಲ್ಲ ಎಂದೆ. "ಹೃದಯದ ತೊಂದರೆ?" ಅಪ್ಪ 54ಕ್ಕೆ ಹೃದಯಾಘಾತದಿಂದ ಹೋದರು ಎಂದೆ. ಅವರು ಬರೆದುಕೊಂಡರು.

ಸ್ಕೂಟರಿನಲ್ಲಿ ಹಿಂದೆ ಕುಳಿತಿದ್ದ ಹೆಂಡತಿ ಗಡಿಯಾರ ಕಂಬದ ಹತ್ತಿರ ನನ್ನ ಬೆನ್ನು ತಟ್ಟಿ, "ರೀ, ಮಾವನವರ ಟೋಪಿ" ಎಂದಳು. ನಾನು ಗಾಡಿ ನಿಲ್ಲಿಸಿದೆ.

ಅಪ್ಪ ಮೂರು ಹೊತ್ತೂ ಬಿಳಿ ಟೋಪಿ ಹಾಕುತ್ತಿದ್ದರು. ಅಚ್ಚುಮೊಳೆ ಜೋಡಿಸುವಾಗ ಮಾತ್ರ ತೆಗೆದು ಪಕ್ಕದಲ್ಲಿಡುತ್ತಿದ್ದರು. ತಲೆಯಲ್ಲಿ ವಿಪರೀತ ಹೊಟ್ಟು. ಕಿವಿಯ ಹಿಂದೆ, ಹಣೆಯ ಅಂಚಿನಲ್ಲಿ ದಪ್ಪ ಹಕ್ಕಳೆ. ಅವ್ವ ವಾರಕ್ಕೊಮ್ಮೆ ಬೆಚ್ಚನೆಯ ಕೊಬ್ಬರಿ ಎಣ್ಣೆ ತಿಕ್ಕಿ ಬಾಚಣಿಗೆಯಿಂದ ಎತ್ತುತ್ತಿದ್ದಳು, ಬಾಚಣಿಗೆ ತಾಗಿದಲ್ಲಿ ಇಬ್ಬನಿಯಂತೆ ರಕ್ತದ ಹನಿ ಏಳುತ್ತಿತ್ತು. ಚಕ್ಕೆ ಕಿತ್ತರೆ ಹೀಗೆ ಸೂಜಿಮೊನೆಯಷ್ಟು ರಕ್ತ ಜಿನುಗುವುದು ಸೋರಿಯಾಸಿಸ್‌ನ ಗುರುತು ಎಂದು ಆ ದಿನವಷ್ಟೇ ಕಿರಿಯ ವೈದ್ಯ ನನ್ನ ಮೊಣಕೈಯಲ್ಲಿ ತೋರಿಸಿದ್ದ. ಅಪ್ಪನದು ದೊಡ್ಡ ಹೊಟ್ಟೆ, ಸಕ್ಕರೆ, ಕೊನೆಗೆ ಒಂದು ಬೆಳಗಿನ ಜಾವ ಎದೆನೋವು. ಇವನ್ನೆಲ್ಲ ನಾವು ಬೇರೆ ಬೇರೆ ಕತೆಗಳಾಗಿ ಹೇಳಿಕೊಂಡು ಬಂದಿದ್ದೆವು. ತಲೆಯ ಹೊಟ್ಟಿನ ಕತೆಗೆ ನಗುತ್ತಿದ್ದೆವು ಕೂಡ. ಅಪ್ಪನಿಗೆ ಸೋರಿಯಾಸಿಸ್ ಇತ್ತೆಂದು ಈಗ ಯಾರೂ ಪರೀಕ್ಷಿಸಿ ಹೇಳಲಾರರು. ಮುಂದಿನ ಭೇಟಿಯಲ್ಲಿ ಟೋಪಿಯ ವಿಷಯ ಹೇಳಿದಾಗ ಡಾಕ್ಟರು ಹಿಂದಿನ ಹಾಳೆ ತಿರುವಿ 'ಇಲ್ಲ' ಎಂಬುದನ್ನು ಹೊಡೆದುಹಾಕಿ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ತೀವ್ರ ಸೋರಿಯಾಸಿಸ್ ಇರುವವರಲ್ಲಿ, ಅದರಲ್ಲೂ ಚಿಕ್ಕ ವಯಸ್ಸಿನವರಲ್ಲಿ, ಹೃದಯಾಘಾತದ ಅಪಾಯ ಉಳಿದವರಿಗಿಂತ ಹೆಚ್ಚೆಂದು ಬ್ರಿಟನ್ನಿನ ವೈದ್ಯಕೀಯ ದಾಖಲೆಗಳಿಂದ 2006ರಲ್ಲೇ ಗೊತ್ತಾಗಿತ್ತಂತೆ. ಅಪ್ಪ ಹೋದದ್ದು ಅದಕ್ಕೂ ಮೊದಲು.

ಚಿಕಿತ್ಸೆ ನೇರವಾಗಿ ಶುರುವಾಗಲಿಲ್ಲ. ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ಕೊಡಬೇಕೆಂದು ಅವರ ಮನಸ್ಸಿನಲ್ಲಿತ್ತು. ಆದರೆ ಅದು ಯಕೃತ್ತಿಗೆ ತೊಂದರೆ ಕೊಡಬಲ್ಲ ಔಷಧ, ನನ್ನ ಯಕೃತ್ತಾದರೋ ಬೆಣ್ಣೆಯಲ್ಲಿ ಮುಳುಗಿತ್ತು. "ಮೊದಲು ಅದನ್ನು ಸರಿಮಾಡಿಕೊಂಡು ಬನ್ನಿ" ಎಂದರು. ಅಲ್ಲಿಯವರೆಗೆ ಬೆಳಕಿನ ಚಿಕಿತ್ಸೆ. ವಾರಕ್ಕೆ ಮೂರು ದಿನ, ಸುತ್ತಲೂ ಟ್ಯೂಬ್‌ಲೈಟ್ ಜೋಡಿಸಿದ ಬೀರುವಿನಂಥ ಪೆಟ್ಟಿಗೆಯೊಳಗೆ ಕಪ್ಪು ಕನ್ನಡಕ ಹಾಕಿಕೊಂಡು ನಿಲ್ಲಬೇಕು. ಅತಿನೇರಳೆ ಕಿರಣದ ಒಂದು ಸಣ್ಣ ಪಟ್ಟಿ ಮಾತ್ರ, 311 ನ್ಯಾನೊಮೀಟರಿನ ಆಸುಪಾಸಿನದು, ಮೈಮೇಲೆ ಬೀಳುತ್ತದೆ. ಮೊದಲ ದಿನ ಒಂದು ನಿಮಿಷವೂ ಇರಲಿಲ್ಲ. ಪ್ಲೇಟ್ ಸುಡುವುದಕ್ಕೆ, ಅಂದರೆ ಅಚ್ಚಿನ ತಗಡಿನ ಮೇಲೆ ಪುಟವನ್ನು ಬೆಳಕಿನಿಂದ ಮೂಡಿಸುವುದಕ್ಕೆ, ನಮ್ಮಲ್ಲೂ ಇಂಥದೇ ಬೆಳಕಿನ ಪೆಟ್ಟಿಗೆ ಇತ್ತು, ಆದ್ದರಿಂದ ನನಗೆ ಅದು ಪರಕೀಯವೆನ್ನಿಸಲಿಲ್ಲ.

ಇದಲ್ಲದೆ ಒಬ್ಬ ಫಿಜಿಷಿಯನ್ ಹತ್ತಿರ ಕಳಿಸಿದರು. ಅವರಿಗೆ ಬರೆದ ಪತ್ರದಲ್ಲಿ, ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ಬೇಡ, ಅವು ಸೋರಿಯಾಸಿಸ್ ಕೆರಳಿಸುವುದುಂಟು ಎಂದಿತ್ತು. ಟೆಲ್ಮಿಸಾರ್ಟನ್ ಕೊಟ್ಟರು. ಕೊಲೆಸ್ಟರಾಲಿಗೆ ಒಂದು ಸ್ಟ್ಯಾಟಿನ್. ಸಕ್ಕರೆಗೆ ಸದ್ಯ ಮಾತ್ರೆ ಬೇಡ, ಮೂರು ತಿಂಗಳು ನೋಡೋಣ ಎಂದರು.

ಈಗ ಊಟದ ವಿಷಯ. ದಾವಣಗೆರೆಯಲ್ಲಿ ಹುಟ್ಟಿದವನಿಗೆ ಬೆಣ್ಣೆ ಬಿಡು ಎನ್ನುವುದು ಸಮುದ್ರದ ದಂಡೆಯವನಿಗೆ ಮೀನು ಬಿಡು ಎಂದಂತೆ. ನನ್ನ ಭಾನುವಾರವೆಂದರೆ ಎರಡು ಬೆಣ್ಣೆ ದೋಸೆ, ಮೇಲೊಂದು ಖಾಲಿ. ಸಂಜೆ ಐದಕ್ಕೆ ಮುದ್ರಣಾಲಯದ ಹುಡುಗರ ಜೊತೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಮಗಳು ಆಗ ಎರಡನೇ ಪಿಯುಸಿ, ವಿಜ್ಞಾನದ ವಿದ್ಯಾರ್ಥಿನಿ. ಒಂದು ಬಿಲ್ ಪುಸ್ತಕ ತಂದುಕೊಟ್ಟು, "ಅಪ್ಪಾ, ಬಾಯಿಗೆ ಹೋದದ್ದನ್ನೆಲ್ಲ ಒಂದು ವಾರ ಇದರಲ್ಲಿ ಬರೆಯಿರಿ, ಏನನ್ನೂ ಬಿಡಬೇಡಿ" ಎಂದಳು. ಬರೆದೆ. ನನ್ನ ದೊಡ್ಡ ಶತ್ರು ಬೆಣ್ಣೆ ದೋಸೆ ಆಗಿರಲಿಲ್ಲ, ಅದು ವಾರಕ್ಕೊಮ್ಮೆ. ಚಹಾ ಆಗಿತ್ತು. ಗಿರಾಕಿ ಬಂದಾಗಲೆಲ್ಲ ಒಂದೊಂದು, ದಿನಕ್ಕೆ ಏಳು, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ. ಹದಿನಾಲ್ಕು ಚಮಚ ಸಕ್ಕರೆಯನ್ನು ತಟ್ಟೆಗೆ ಸುರಿದು ಮಗಳು ನನ್ನ ಮುಂದಿಟ್ಟಳು. ಆ ಗುಡ್ಡೆ ನೋಡಿದ ಮೇಲೆ ವಾದಿಸಲು ಏನೂ ಉಳಿಯಲಿಲ್ಲ. ಇನ್ನೊಂದು, ವಾರಕ್ಕೆರಡು ಸಂಜೆ ಗೆಳೆಯರ ಜೊತೆಗಿನ ಕುಡಿತ. ಅದನ್ನು ಬಿಲ್ ಪುಸ್ತಕದಲ್ಲಿ 'ಇತರೆ' ಎಂದು ಬರೆದಿದ್ದೆ. ಹೆಂಡತಿ ಓದಿ ಸುಮ್ಮನಿದ್ದಳು, ಅದು ಬೈಗುಳಕ್ಕಿಂತ ಭಾರವಾಗಿತ್ತು.

ಚಹಾಕ್ಕೆ ಸಕ್ಕರೆ ನಿಂತಿತು. ಲೋಟ ಏಳರಿಂದ ಮೂರಕ್ಕೆ ಇಳಿಯಿತು. ಕುಡಿತ ಪೂರ್ತಿ ನಿಂತಿತು, ಯಕೃತ್ತಿನ ವಿಷಯದಲ್ಲಿ ಡಾಕ್ಟರು ಚೌಕಾಶಿಗೆ ಒಪ್ಪಲಿಲ್ಲ. ಮಧ್ಯಾಹ್ನ ಎರಡು ಜೋಳದ ರೊಟ್ಟಿ, ತಟ್ಟೆ ತುಂಬ ಪಲ್ಯ, ಮೊಳಕೆ ಹೆಸರುಕಾಳು, ಮಜ್ಜಿಗೆ, ಅನ್ನ ಒಂದು ಸಣ್ಣ ಬಟ್ಟಲು. ರಾತ್ರಿ ಎಂಟರೊಳಗೆ ಊಟ. ಇದರಲ್ಲಿ ಹೊಸದೇನಿಲ್ಲ. ಅವ್ವ ಉಣ್ಣುತ್ತಿದ್ದುದೇ ಇದು.

ತಪ್ಪು ಮಾಡಲಿಲ್ಲವೆಂದಲ್ಲ. ಎರಡನೆಯ ತಿಂಗಳಲ್ಲಿ ಗೆಳೆಯನೊಬ್ಬನ ಮಾತು ಕೇಳಿ ಅನ್ನ, ರೊಟ್ಟಿ ಎಲ್ಲ ಬಿಟ್ಟು ಬರೀ ಮೊಟ್ಟೆ, ಪನೀರಿನ ಮೇಲೆ ಹನ್ನೆರಡು ದಿನ ಇದ್ದೆ. ಹದಿಮೂರನೆಯ ದಿನ ಮಂಡಕ್ಕಿ ಭಟ್ಟಿಯ ಕಡೆಯಿಂದ ಹೊಸ ಮಂಡಕ್ಕಿ ಹೊತ್ತ ಗಾಡಿ ನಮ್ಮ ಬಾಗಿಲಲ್ಲಿ ಹಾದುಹೋಯಿತು. ಆ ಘಮಕ್ಕೆ ನನ್ನ ವ್ರತ ಮುರಿಯಿತು, ಆ ವಾರ ಇಳಿದಿದ್ದ ತೂಕವೆಲ್ಲ ಬಡ್ಡಿ ಸಮೇತ ಬಂತು. ಡಾಕ್ಟರಿಗೆ ಹೇಳಿದಾಗ, "ಹತ್ತು ವರ್ಷ ಮಾಡಲಾಗುವುದನ್ನಷ್ಟೇ ಮಾಡಿ" ಎಂದರು.

ನಡಿಗೆಗೆ ಕುಂದುವಾಡ ಕೆರೆ ಆರಿಸಿಕೊಂಡೆ. ಬೆಳಗ್ಗೆ ಐದೂವರೆಗೆ ಏರಿಯ ಮೇಲೆ ಅರ್ಧ ಊರೇ ಇರುತ್ತದೆ. ಮೊದಲ ವಾರ ಅರ್ಧ ದಾರಿಗೇ ಕುಳಿತುಬಿಡುತ್ತಿದ್ದೆ. ತುಂಬುತೋಳಿನ ಅಂಗಿ ಬೆವರಿಗೆ ಅಂಟಿ ತೇಪೆಗಳು ಉರಿಯುತ್ತಿದ್ದವು. ತೋಳು ಮಡಚಲು ಸಂಕೋಚ. ಒಂದು ದಿನ ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರು ನನ್ನ ಮಣಿಕಟ್ಟಿನ ಚಕ್ಕೆ ನೋಡಿ ತಮ್ಮ ಟವೆಲ್ ಎತ್ತಿಕೊಂಡು ಬೇರೆ ಬೆಂಚಿಗೆ ಹೋದರು. ಕುಷ್ಠ ಬೇರೆ, ಇದು ಬೇರೆ ಎಂದು ವಿಯೆನ್ನಾದ ಹೆಬ್ರಾ ಎಂಬ ವೈದ್ಯ 1841ರಲ್ಲೇ ತೋರಿಸಿಕೊಟ್ಟಿದ್ದ. ಸುದ್ದಿ ಕುಂದುವಾಡ ಕೆರೆಗೆ ಬರಲು ಇನ್ನೂ ಸ್ವಲ್ಪ ದಿನ ಬೇಕು.

ಮೂರೂವರೆ ತಿಂಗಳ ಹೊತ್ತಿಗೆ ತೂಕ 81ಕ್ಕೆ ಬಂದಿತ್ತು. ಕಿಣ್ವ 71ರಿಂದ 46. ಬೆಳಕಿನ ಪೆಟ್ಟಿಗೆಯಿಂದ ಬೆನ್ನು, ಎದೆ ಚೊಕ್ಕಟವಾಗಿದ್ದವು, ಮೊಣಕೈ, ಮೊಣಕಾಲು, ತಲೆ ಜಪ್ಪಯ್ಯ ಅನ್ನಲಿಲ್ಲ. ಆಗ ಮೆಥೊಟ್ರೆಕ್ಸೇಟ್ ಶುರುವಾಯಿತು, ವಾರಕ್ಕೆ 7.5 ಮಿಲಿಗ್ರಾಂ, ಆಮೇಲೆ 10.

ಇದೊಂದನ್ನು ಒತ್ತಿ ಹೇಳಬೇಕು, ಏಕೆಂದರೆ ಡಾಕ್ಟರು ನನಗೆ ಮೂರು ಸಲ ಒತ್ತಿ ಹೇಳಿದರು: ಆ ಮಾತ್ರೆ ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಬಾಯೆಲ್ಲ ಹುಣ್ಣಾಗಿ, ರಕ್ತಕಣ ಕುಸಿದು, ಜೀವಕ್ಕೇ ಬರುತ್ತದೆ. ಹಾಗೆ ನುಂಗಿ ಆಸ್ಪತ್ರೆ ಸೇರಿದವರನ್ನು ಅವರು ನೋಡಿದ್ದರು. ನಾನು ಗುರುವಾರ ಆರಿಸಿಕೊಂಡೆ. ನಾವೇ ಅಚ್ಚು ಹಾಕಿದ ಕ್ಯಾಲೆಂಡರಿನಲ್ಲಿ ಹೆಂಡತಿ ಪ್ರತಿ ಗುರುವಾರಕ್ಕೂ ಕೆಂಪು ಸುತ್ತು ಹಾಕಿದಳು, ಆ ಮಾತ್ರೆಯ ಅಡ್ಡಪರಿಣಾಮ ತಗ್ಗಿಸಲು ನುಂಗುವ ಫೋಲಿಕ್ ಆಮ್ಲದ ಭಾನುವಾರಕ್ಕೆ ಹಸಿರು ಸುತ್ತು. ಮಾತ್ರೆಯ ಡಬ್ಬಿ ಅವಳ ಬೀಗದಲ್ಲೇ ಇತ್ತು. ಮೊದಲ ಕೆಲವು ಶುಕ್ರವಾರಗಳಲ್ಲಿ ಹೊಟ್ಟೆ ತೊಳಸುತ್ತಿತ್ತು, ಬರಬರುತ್ತಾ ಕಡಿಮೆಯಾಯಿತು. ಮೊದಮೊದಲು ತಿಂಗಳಿಗೊಮ್ಮೆ ರಕ್ತಕಣ, ಯಕೃತ್ತು, ಮೂತ್ರಪಿಂಡದ ಪರೀಕ್ಷೆ. ಜೀವಕೋಶಗಳಲ್ಲಿ ತಯಾರಾಗುವ, ಚುಚ್ಚುಮದ್ದಿನ ಬಯಾಲಜಿಕ್ ಔಷಧಗಳೂ ಇವೆ ಎಂದು ಹೇಳಿದ್ದರು. ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿಯೇ 2013ರಲ್ಲಿ ಇಟೊಲಿಝುಮ್ಯಾಬ್ ಎಂಬುದನ್ನು ಸೋರಿಯಾಸಿಸ್‌ಗೆಂದು ಹೊರತಂದಿತ್ತಂತೆ. ಅಂಥ ಔಷಧಗಳ ವೆಚ್ಚ ಕೇಳಿ ನಾನು ಗುರುವಾರದ ಮಾತ್ರೆಗೆ ಮತ್ತಷ್ಟು ನಿಷ್ಠನಾದೆ.

ಆರನೆಯ ತಿಂಗಳಲ್ಲಿ ಎಲ್ಲ ಸರಿಹೋಗುತ್ತಿದೆ ಎನ್ನುವಾಗ ಕಾಗದದ ಅಂಚು ಮುಂಗೈಯನ್ನು ಉದ್ದಕ್ಕೆ ಗೀರಿತು. ನಮ್ಮ ಕಸುಬಿನಲ್ಲಿ ಇದು ಲೆಕ್ಕಕ್ಕೇ ಇಲ್ಲದ ಗಾಯ. ಎರಡು ವಾರ ಕಳೆದ ಮೇಲೆ ಅದೇ ಗೀರಿನ ಮೇಲೆ, ಅಳತೆಗೋಲಿಟ್ಟು ಎಳೆದಂತೆ, ನೆಟ್ಟನೆಯ ಕೆಂಪು ತೇಪೆ ಎದ್ದಿತು. ಗಾಯವಾದಲ್ಲೇ ಹೊಸದಾಗಿ ಏಳುವುದು ಈ ರೋಗದ ಹಳೆಯ ಚಾಳಿ. ಡಿಸೆಂಬರಿನ ಚಳಿಯಲ್ಲಿ ಗಂಟಲು ಕೆಟ್ಟಾಗ ಮತ್ತೊಂದು ಸುತ್ತು, ಹೊಟ್ಟೆಯ ಮೇಲೆಲ್ಲ ಮಳೆಹನಿ ಬಿದ್ದಂಥ ಕಲೆಗಳು. ಸೊಂಟ ಎಂಟು ಸೆಂಟಿಮೀಟರ್ ಇಳಿಸಿದ ಮೇಲೂ ಹೀಗಾಯಿತಲ್ಲ ಎಂದು ಕುಸಿದುಹೋದೆ. ಆ ರಾತ್ರಿ ಬಿಲ್ ಪುಸ್ತಕದಲ್ಲಿ ಮೂರು ಹೋಳಿಗೆಗೆ ಲೆಕ್ಕವಿದೆ, ತುಪ್ಪಕ್ಕೆ ಲೆಕ್ಕವಿಲ್ಲ.

ಆದರೆ ಒಂದು ವ್ಯತ್ಯಾಸ ನನಗೇ ಕಂಡಿತು. ಹಿಂದೆಲ್ಲ ಹೀಗೆ ಕೆರಳಿದರೆ ತಿಂಗಳುಗಟ್ಟಲೆ ಉಳಿಯುತ್ತಿದ್ದುದು ಈ ಸಲ ಮುಲಾಮಿಗೆ, ಬೆಳಕಿಗೆ ಐದಾರು ವಾರದಲ್ಲಿ ಬಗ್ಗಿತು. ಪ್ಲೇಟಿನಲ್ಲೇ ತಪ್ಪಿದ್ದಾಗ ನಾನು ಹನ್ನೊಂದು ವರ್ಷ ಹಾಳೆ ಹಾಳೆಗೂ ರಬ್ಬರು ಹಾಕಿ ತಿದ್ದುತ್ತಾ ಕೂತಿದ್ದೆ. ಈಗ ಪ್ಲೇಟು ಪೂರ್ತಿ ಸರಿಯಾಗಿಲ್ಲ, ತಪ್ಪಿನ ಸಂಖ್ಯೆ ಕಡಿಮೆಯಾಗಿದೆ.

2024ರ ಮಾರ್ಚಿನ ವರದಿ ಹೀಗಿದೆ: ತೂಕ 77, ಸೊಂಟ 95, ಒತ್ತಡ ಮಾತ್ರೆಯ ಮೇಲೆ 126/80, ಉಪವಾಸದ ಸಕ್ಕರೆ 102, ಎಚ್‌ಬಿಎ1ಸಿ 5.8, ಟ್ರೈಗ್ಲಿಸರೈಡ್ 148, ಎಚ್‌ಡಿಎಲ್ 38, ಕಿಣ್ವ 36. ತೇಪೆ 12 ಅಂಗೈಯಿಂದ 2. ಮಾತ್ರೆ ನುಂಗುತ್ತಿರುವ ಒತ್ತಡವನ್ನೂ ಡಾಕ್ಟರು ಬಿಡದೆ ಎಣಿಸಿದರು: ಐದಕ್ಕೆ ನಾಲ್ಕು. "ಇನ್ನೂ ಫೇಲಾಗಿಲ್ಲವಲ್ಲ ನೀವು" ಎಂದು ನಕ್ಕರು. ಈ ಪರೀಕ್ಷೆಯಲ್ಲಿ ಫೇಲಾಗುವುದೇ ಗುರಿ. ಇದರಲ್ಲಿ ಎಷ್ಟು ಪಾಲು ಮಾತ್ರೆಯದು, ಎಷ್ಟು ಬೆಳಕಿನದು, ಎಷ್ಟು ನಿಂತುಹೋದ ಹದಿನಾಲ್ಕು ಚಮಚದ್ದು ಎಂದು ಕೇಳಿದೆ. "ಬೇರ್ಪಡಿಸಿ ನೋಡಬೇಕೆಂದರೆ ಒಂದೊಂದನ್ನೇ ನಿಲ್ಲಿಸಬೇಕು. ನಿಲ್ಲಿಸೋಣವೇ?" ಎಂದರು. ಬೇಡವೆಂದೆ.

ಅದೇ ತಿಂಗಳು ದುಗ್ಗಮ್ಮನ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಯೆಂದರೆ ನೆಂಟರೆಲ್ಲ ಒಂದೇ ಸೂರಿನ ಕೆಳಗೆ. ಹುಬ್ಬಳ್ಳಿಯಿಂದ ತಮ್ಮ ಬಂದಿದ್ದ, ಅಪ್ಪನ ಪಡಿಯಚ್ಚು. ನಡುಮನೆಯಲ್ಲಿ ಕುಳಿತು ನಗುತ್ತಾ ತಲೆ ಕೆರೆದುಕೊಂಡ. ಅವನ ಕಪ್ಪು ಅಂಗಿಯ ಹೆಗಲ ಮೇಲೆ ಬಿಳಿಯದೇನೋ ಉದುರಿತು. "ಈ ಹೊಟ್ಟು ಯಾವ ಶಾಂಪೂಗೂ ಹೋಗಲೊಲ್ಲದು ಅಣ್ಣಾ" ಎಂದ. ವಯಸ್ಸು 41. ನಾನು ಅವನ ಕಿವಿಯ ಹಿಂದೆ ನೋಡಿದೆ, ಉಗುರು ನೋಡಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಒಳಗೆ ಹೋಗಿ ಹೊಲಿಗೆ ಡಬ್ಬಿಯಿಂದ ಟೇಪು ತಂದು ನನ್ನ ಕೈಗಿಟ್ಟಳು.

"ಏನಿದು, ಜಾತ್ರೆಗೆ ಅಂಗಿ ಹೊಲಿಸುತ್ತೀಯಾ?" ಎಂದು ತಮ್ಮ ಎದ್ದು ನಿಂತ. ಪಕ್ಕೆಲುಬು, ಸೊಂಟದ ಮೂಳೆ ಹುಡುಕಿ ನಡುವೆ ಟೇಪು ಸುತ್ತಿದೆ. ಮಕ್ಕಳೆಲ್ಲ ನೋಡುತ್ತಿದ್ದರು. ಅವನು ಹೊಟ್ಟೆ ಒಳಗೆಳೆದುಕೊಂಡು ಸೈನಿಕನಂತೆ ನೆಟ್ಟಗಾದ.

"ಉಸಿರು ಬಿಡು" ಎಂದೆ.